ಬಚ್ಚಮ್ಮಕ್ಕನ ಹಳದಿ ಕಾರಿನ ಬ್ರೇಕು

ಬ್ರೇಕ್ ಪ್ಯಾಡನ್ನು ಮೂಸಿ ನೋಡಿ ಕೊಳ್ಳುವ ಗಿರಾಕಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಇಪ್ಪತ್ತೇಳು ವರ್ಷದಿಂದ ಬ್ರೇಕ್ ಕೆಲಸ ಮಾಡಿಕೊಂಡಿರುವವನು ನಾನು, ವೇಣುಗೋಪಾಲ್. ಲಾರಿ, ಟೆಂಪೊ, ಕಾರು, ಯಾವುದು ಬಂದರೂ ಚಕ್ರ ಬಿಚ್ಚಿ ನೋಡಿದವನು. ಗಿರಾಕಿಗಳು ಗ್ಯಾರಂಟಿ ಕೇಳುತ್ತಾರೆ, ಇನ್ನೆಷ್ಟು ಹೊತ್ತು ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳಿ ಪ್ರಾಣ ತಿನ್ನುತ್ತಾರೆ, ಅದೆಲ್ಲ ಸರಿ. ಆದರೆ ಪ್ಯಾಡನ್ನು ಡಬ್ಬಿಯಿಂದ ತೆಗೆದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಊಹೂಂ, ಇದು ವಾಸನೆ ಕಣಪ್ಪಾ" ಅಂತ ವಾಪಸ್ ಇಡುವವರು ಒಬ್ಬರೇ. ಹುತ್ತೂರು ಕಡೆಯ ಬಚ್ಚಮ್ಮಕ್ಕ.

ಸಂಕ್ರಾಂತಿ ಕಳೆದ ಮಾರನೇ ವಾರ, ಶುಕ್ರವಾರ ಬೆಳಿಗ್ಗೆ, ನನ್ನ ಕೌಂಟರ್ ಮೇಲೆ ಐದು ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ಐದನ್ನೂ ಮೂಸಿದ್ದರು. ಎರಡನ್ನು ಉಗುರಿನಿಂದ ಕೆರೆದು ಆ ಉಗುರನ್ನೂ ಮೂಸಿದ್ದರು. ಒಂದನ್ನು ಅಂಗಡಿಯ ಮೆಟ್ಟಿಲ ಕಲ್ಲಿಗೆ ಉಜ್ಜಿ, ಉದುರಿದ ಕಪ್ಪು ಪುಡಿಯನ್ನು ಉಫ್ ಅಂತ ಊದಿ, ಅದು ಎಲ್ಲಿ ಹೋಗಿ ಕೂತಿತು ಅಂತ ಬಗ್ಗಿ ನೋಡಿದ್ದರು. ಕಲ್ಲಿಗೆ ಉಜ್ಜಿದ ಪ್ಯಾಡನ್ನು ನಾನು ಇನ್ನು ಯಾರಿಗೆ ಮಾರಲಿ? ಹದಿನೈದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿರುವ ನಂಗಲಿಯ ಆಂಜಿ ನಗು ತಡೆಯಲಾಗದೆ ಲಾರಿ ಚಕ್ರದ ಹಿಂದೆ ಮುಖ ಮರೆಸಿಕೊಂಡಿದ್ದ.

"ಅಕ್ಕಾ, ಇದು ಬ್ರೇಕ್ ಪ್ಯಾಡು. ಕೊತ್ತಂಬರಿ ಸೊಪ್ಪಲ್ಲ," ಅಂದೆ.

"ಗೊತ್ತು ಕಣಪ್ಪಾ. ಕೊತ್ತಂಬರಿ ಸೊಪ್ಪಾಗಿದ್ರೆ ನಿನ್ ಹತ್ರ ಯಾಕ್ ಬರ್ತಿದ್ದೆ? ತಣ್ಣಗಿದ್ದಾಗ ಹಿಡಿಯೋದು ಯಾವ್ದು, ಅದನ್ ಹೇಳು."

"ಎಲ್ಲಾನೂ ಹಿಡೀತದೆ."

"ಈಗ ಹಾಕಿರೋದು ಹಿಡೀತಿಲ್ವಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಈಗ ಹಾಕಿರುವುದನ್ನು ಹಾಕಿದವನು ನಾನೇ. ಅದೂ ಅಂತಿಂಥ ಪ್ಯಾಡಲ್ಲ. ರೇಸ್ ಓಡಿಸುವವರು ಹಾಕಿಕೊಳ್ಳುವಂಥದ್ದು, ಹೊರದೇಶದಿಂದ ಬರುವಂಥದ್ದು, ಎರಡು ತಿಂಗಳು ಹುಡುಕಾಡಿ ತರಿಸಿದ್ದು. ಅದನ್ನು ಹಿಡಿಯಲ್ಲ ಅನ್ನುತ್ತಾರಲ್ಲ, ಹೇಳುವ ಬಾಯಿಗೆ ಏನನ್ನಬೇಕು!

ಆದರೆ ಆವತ್ತು ಬಚ್ಚಮ್ಮಕ್ಕ ಸುಮ್ಮನೆ ಪೀಡಿಸಲು ಬಂದವರಲ್ಲ. ಭಾನುವಾರದೊಳಗೆ ಕಾರು ಸರಿಯಾಗಿ ನಿಲ್ಲುತ್ತದೆ ಅಂತ ಮಗ ಸುಬ್ರಮಣಿಗೆ ತೋರಿಸಬೇಕಿತ್ತು. ತೋರಿಸದಿದ್ದರೆ ಅವನು ಕಾರು ಮಾರಿಬಿಡುತ್ತಿದ್ದ. ಕೊಳ್ಳುವವನು ಯಾರು ಅಂತೀರಾ? ನಾನೇ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವಾಗಿ ಕಂಡುಹಿಡಿದು ನನ್ನನ್ನು ಕಳ್ಳ ಅನ್ನುವುದು ಬೇಡ.

ಬಚ್ಚಮ್ಮಕ್ಕನಿಗೆ ಐವತ್ತೊಂಬತ್ತು. ಕೆಲಸ ಚಾಕಿ ಸಾಕಣೆ. ಅಂದರೆ ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎಂಟೊಂಬತ್ತು ದಿನ ಎಳೆ ಸೊಪ್ಪು ಕತ್ತರಿಸಿ ಹಾಕಿ ಬೆಳೆಸಿ, ಆಮೇಲೆ ರೈತರಿಗೆ ತಲುಪಿಸುವುದು. ಹುಳುಗಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಎರಡನೇ ಜ್ವರಕ್ಕೆ ಕೂತಾಗಲೇ ಸಾಗಿಸಿಬಿಡಬೇಕು. ಬೆಳಗಿನ ತಂಪಲ್ಲೇ ಆಗಬೇಕು, ಕುಲುಕಬಾರದು, ವಾಸನೆ ತಗುಲಬಾರದು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮೂವತ್ತಕ್ಕೂ ಹೆಚ್ಚು ಮನೆಗಳು ಈಕೆಯ ಹುಳುವಿಗೇ ಕಾಯುತ್ತವೆ. ಬಾಡಿಗೆ ಟೆಂಪೊದಲ್ಲಿ ಕಳಿಸಿ ನೋಡಿದ್ದರಂತೆ. ಡ್ರೈವರ್ ಬೀಡಿ ಸೇದಿ ಒಂದು ಲೋಡೇ ಹಾಳಾಯಿತಂತೆ. ಅವತ್ತಿನಿಂದ ಇನ್ನೊಬ್ಬರ ಕೈಗೆ ಹುಳು ಕೊಟ್ಟವರಲ್ಲ. ಗಂಡ ದೊಡ್ಡನಾರಾಯಣಪ್ಪ ಸೊಪ್ಪಿನ ತೋಟ ಬಿಟ್ಟು ಆಚೆ ಕಾಲಿಡುವವರಲ್ಲ. ಅವರಿಗೆ ಸೈಕಲ್ ಕೂಡ ಬರದು.

ಈ ಹೆಂಗಸಿನ ಕೈಗೆ ಸಿಕ್ಕಿದ್ದು ಯಾವ ಕಾರು ಅಂತ ಕೇಳಿ. ಆಕ್ಟೇವಿಯಾ ಆರ್‌ಎಸ್! ಇಪ್ಪತ್ತು ವರ್ಷದ ಹಿಂದಿನ ಮಾಡೆಲ್, ಟರ್ಬೊ, ನೂರೈವತ್ತು ಕುದುರೆ ಬಲ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ನಿಂಬೆಹಣ್ಣಿಗಿಂತ ಹಳದಿ. ಆ ಕಾಲದಲ್ಲಿ ಇದು ಹೆದ್ದಾರಿಯಲ್ಲಿ ಹೋಗುತ್ತಿದ್ದರೆ ನಾವು ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡೇ ರಸ್ತೆಗೆ ಓಡಿ ಬಂದು ನೋಡುತ್ತಿದ್ದೆವು. ಲಕ್ಕೂರಿನ ಹತ್ತಿರ ಯಾರೋ ತೋಟದ ಮಾಲೀಕರು ಮಾವಿನ ಮರದ ಕೆಳಗೆ ನಿಲ್ಲಿಸಿ ಮರೆತುಬಿಟ್ಟಿದ್ದರು. ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಬಚ್ಚಮ್ಮಕ್ಕ ಎಂಜಿನ್ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ. ಹಿಂದಿನ ಬಾಗಿಲು ಎತ್ತಿಸಿ, ಜೊತೆಯಲ್ಲಿ ತಂದಿದ್ದ ಹುಳುವಿನ ತಟ್ಟೆಯನ್ನು ಒಳಗಿಟ್ಟು ನೋಡಿದರು. ತಟ್ಟೆ ಅಡ್ಡಕ್ಕೆ ಸರಿಯಾಗಿ ಕೂತಿತು. "ಎಸಿ ತಣ್ಣಗೆ ಬರ್ತದಾ?" ಅಂತ ಒಂದು ಪ್ರಶ್ನೆ. ಅಷ್ಟೇ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಿಕೊಂಡು ನೇರ ನನ್ನ ಅಂಗಡಿಗೆ ಬಂದರು.

ಆರು ವರ್ಷದ ಹಿಂದಿನ ಮಾತು. ಅದರ ಎಂಜಿನ್ನು ಮತ್ತೆ ಗುಡುಗಿದ ದಿನ ನಾನೂ ಆಂಜಿಯೂ ಬಾಯಿಗೆ ಅನ್ನ ಹಾಕಿಕೊಳ್ಳುವುದನ್ನೇ ಮರೆತಿದ್ದೆವು. ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ, ಈ ಕಾರು ನನ್ನದಾಗಬೇಕಿತ್ತು ಅಂತ. ಯಾಕೆ ಅನ್ನಬಾರದು? ಆ ಮಹಾರಾಯಿತಿ ಅದನ್ನು ನಲವತ್ತರ ಮೇಲೆ ಓಡಿಸುವುದಿಲ್ಲ! ಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟು, ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಹುಳು ಮಲಗಿಸಿಕೊಂಡು, ಎಮ್ಮೆ ಹೊಡೆದುಕೊಂಡು ಹೋದ ಹಾಗೆ ಹೋಗುತ್ತಾರೆ. ಮೊಪೆಡ್‌ನವರು ಓವರ್‌ಟೇಕ್ ಮಾಡಿ ತಿರುಗಿ ನೋಡುತ್ತಾರೆ. ನನ್ನ ಹೊಟ್ಟೆಗೆ ಬೆಂಕಿ ಬೀಳದೆ ಇನ್ನೇನು?

ಮೇಲೆ ಅವರ ಕಾಯಿದೆಗಳು. ಕಾರು ಮುಟ್ಟುವ ಮೊದಲು ನಾವು ಕೈ ತೊಳೆಯಬೇಕು. ಆಂಜಿ ಬೀಡಿ ಸೇದಬೇಕಾದರೆ ರಸ್ತೆ ದಾಟಿ ಆಚೆ ಹೋಗಬೇಕು, ಸೇದಿದ ಮೇಲೆ ಅರ್ಧ ಗಂಟೆ ಕಾರಿನ ಹತ್ತಿರ ಸುಳಿಯಬಾರದು. ಆಯುಧಪೂಜೆಗೆ ಊರಿನ ಗಾಡಿಗಳೆಲ್ಲ ಊದುಬತ್ತಿ ಹೊಗೆಯಲ್ಲಿ ಮುಳುಗಿದರೆ ಇದಕ್ಕೆ ಬರೀ ಹೂವು, ಅರಿಶಿನ. ನಾನೊಮ್ಮೆ ಪ್ರೀತಿಯಿಂದ ಮಲ್ಲಿಗೆ ವಾಸನೆಯ ಡಬ್ಬಿಯೊಂದನ್ನು ಒಳಗೆ ಅಂಟಿಸಿದ್ದೆ. "ವದ್ದು ನಾಯನಾ, ಬೇಡಪ್ಪಾ, ಹುಳ ಸಾಯ್ತವೆ," ಅಂತ ಕಿತ್ತು ನನ್ನ ಕೈಗೇ ಕೊಟ್ಟು ಹೋದರು.

ಈ ಪ್ಯಾಡಿನ ರಾಮಾಯಣ ಶುರುವಾದದ್ದು ದೀಪಾವಳಿ ಹೊತ್ತಿಗೆ. ಹಳೇ ಪ್ಯಾಡು ಸವೆದಿತ್ತು. ಅವರು ಕೇಳಿದ್ದು, "ಮೆತ್ತಗೆ ಹಿಡಿಯೋದು ಹಾಕಪ್ಪಾ, ಮೊದಲನೇ ಸಲಕ್ಕೇ ಹಿಡೀಬೇಕು, ಪುಡಿ ಜಾಸ್ತಿ ಉದುರಬಾರ್ದು." ನಾನು ಕೇಳಿಸಿಕೊಂಡೆನಾ? ಇಂಥ ಕಾರಿಗೆ ಮೆತ್ತನೆಯ ಪ್ಯಾಡು ಹಾಕುವುದು ಅವಮಾನ ಅಂತ ನನ್ನ ಲೆಕ್ಕ. "ನೀವು ಸುಮ್ಮನಿರಿ ಅಕ್ಕಾ, ಗಾಡಿಗೆ ಏನು ಬೇಕು ಅಂತ ನನಗೆ ಗೊತ್ತು," ಅಂತ ಬಾಯಿ ಮುಚ್ಚಿಸಿ ಆ ರೇಸಿನ ಪ್ಯಾಡು ತರಿಸಿದೆ. ಹಾಕಿದ ಮೇಲೆ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಜೋರಾಗಿ ಹೋಗುವುದು, ಜೋರಾಗಿ ಬ್ರೇಕ್ ಒತ್ತುವುದು, ಹತ್ತು ಹನ್ನೆರಡು ಸಲ. ಅದನ್ನು ನಾನೇ ಹೆದ್ದಾರಿಯಲ್ಲಿ ಮಾಡಿದೆ. ಅಬ್ಬಾ, ಆ ಹಿಡಿತ! ಎದೆ ಬೆಲ್ಟಿಗೆ ಒತ್ತಿಕೊಳ್ಳುತ್ತಿತ್ತು. ಸುಟ್ಟ ವಾಸನೆ ಬಂದಿತು ಅಂತ ಬಚ್ಚಮ್ಮಕ್ಕ ಮೂರು ದಿನ ನಾಲ್ಕೂ ಬಾಗಿಲು ತೆರೆದಿಟ್ಟು ಕಾರನ್ನು ಗಾಳಿಗೆ ಬಿಟ್ಟರು. ನಾನು ಹಣೆ ಚಚ್ಚಿಕೊಂಡೆ.

ಅದಾಗಿ ಎರಡು ಸಲ ಬಂದು ಹೇಳಿದರು. "ಬೆಳಿಗ್ಗೆ ಹೊತ್ತು ಕಲ್ಲು ಒತ್ತಿದಂಗೆ ಆಗ್ತದೆ ವೇಣು." ನಾನು ಓಡಿಸಿ ನೋಡಿದೆ. ಮಟಮಟ ಮಧ್ಯಾಹ್ನ, ಹೆದ್ದಾರಿಯಲ್ಲಿ, ನನ್ನ ವೇಗದಲ್ಲಿ. ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು. "ನಿಮ್ಮ ಕಾಲಿಗೆ ಬಲ ಸಾಲದು ಅಕ್ಕಾ, ಇನ್ನೂ ಒತ್ತಿ," ಅಂತ ಕಳಿಸಿದೆ.

ಆಮೇಲೆ ಸಂಕ್ರಾಂತಿಗೆ ಎರಡು ದಿನ ಮುಂಚೆ ಆ ಘಟನೆ ನಡೆಯಿತು. ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ಸುಗ್ಗಿಯಲ್ಲಿ ನಮ್ಮ ಜನ ಕಣ ಮಾಡುವುದನ್ನೇ ಬಿಟ್ಟಿದ್ದಾರೆ, ನಿಮಗೆ ಗೊತ್ತಿರುವುದೇ. ರಾಗಿ, ಹುರುಳಿ ಎಲ್ಲವನ್ನೂ ತಂದು ಟಾರ್ ರಸ್ತೆಗೆ ಹಾಸುತ್ತಾರೆ, ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಉದುರಿಸಿ ಕೊಡಬೇಕು. ಅಕ್ಕಯಮ್ಮ ಅನ್ನುವ ಮುದುಕಿ ಬೆಳಿಗ್ಗೆಯೇ ರಸ್ತೆ ನಡುವೆ ಕೂತು ಹುರುಳಿ ಗುಡಿಸುತ್ತಿದ್ದರು. ಬಚ್ಚಮ್ಮಕ್ಕ ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ಪಕ್ಕಕ್ಕೆ ತಿರುಗಿಸಿ ರಾಗಿ ಹುಲ್ಲಿನ ಮೆದೆಗೆ ನುಗ್ಗಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ನಾಲ್ಕು ತಟ್ಟೆ ಹುಳು ಹುಲ್ಲಿನ ಪಾಲಾಯಿತು. ಅಕ್ಕಯಮ್ಮ ಪೊರಕೆ ಹಿಡಿದುಕೊಂಡೇ ಅರ್ಧ ಗಂಟೆ ಬೈದು, ಆಮೇಲೆ ತಾವೇ ಕೂತು ಹುಳು ಆರಿಸಿಕೊಟ್ಟರಂತೆ.

ಸುಬ್ರಮಣಿ ಮಾಲೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸಂಜೆಯೇ ಓಡಿ ಬಂದ, ಮುಖ ಬಿಳಚಿಕೊಂಡಿತ್ತು. "ಅಣ್ಣ, ನಿಜ ಹೇಳಿ. ಬ್ರೇಕಲ್ಲಿ ಏನಾದ್ರೂ ಐಬು ಐತಾ?"

ಚಕ್ರ ಬಿಚ್ಚಿಸಿ ತೋರಿಸಿದೆ. ಪ್ಯಾಡು ದಪ್ಪಗಿತ್ತು, ಆಯಿಲ್ ಸರಿಯಿತ್ತು, ಡಿಸ್ಕು ಹೊಳೆಯುತ್ತಿತ್ತು. "ಬ್ರೇಕಲ್ಲಿ ಏನೂ ಇಲ್ಲ ಕಣಪ್ಪಾ. ಇದಕ್ಕಿಂತ ಒಳ್ಳೇ ಬ್ರೇಕು ಈ ಜಿಲ್ಲೇಲಿ ಯಾರ ಗಾಡೀಲೂ ಇಲ್ಲ. ರಸ್ತೆ ಮೇಲಿನ ಹುಲ್ಲು ಜಾರಿರ್ತದೆ," ಅಂದೆ.

"ಅಮ್ಮಾನೂ ಕಾಲು ಜಾರ್ತು ಅಂತಾನೇ ಅಂದ್ಲು." ಅವನು ಕಾರಿನ ಸುತ್ತ ಒಂದು ಸುತ್ತು ಬಂದ. "ಹಂಗಾದ್ರೆ ಗಾಡೀದೇನೂ ತಪ್ಪಿಲ್ಲ. ಅಮ್ಮನಿಗೇ ವಯಸ್ಸಾಯ್ತು. ಇವತ್ತು ಮೆದೆ, ನಾಳೆ ಯಾರ್ದಾದ್ರೂ ಮಗು. ಇದನ್ನ ನೀವೇ ತಗೊಳ್ಳಿ ಅಣ್ಣ, ನೀವಾದ್ರೆ ಚೆನ್ನಾಗಿ ನೋಡ್ಕೋತೀರ."

ನಾನು ಬೇಡ ಅನ್ನಲಿಲ್ಲ. ಬೇಡ ಅನ್ನಬೇಕು ಅಂತ ಅನ್ನಿಸಲೂ ಇಲ್ಲ. ಆ ಸಂಜೆ ಮನೆಗೆ ಹೋಗಿ ನನ್ನ ಹೆಂಡತಿ ಸುನಂದಳಿಗೆ, ಹಳದಿ ಕಾರು ನಮ್ಮ ಮನೆ ಮುಂದೆ ನಿಲ್ಲುತ್ತದೆ ಅಂತ ಹೇಳಿ ಎರಡು ಒಬ್ಬಟ್ಟು ಹೆಚ್ಚು ತಿಂದೆ. ಬಚ್ಚಮ್ಮಕ್ಕ ಮಗನ ಹತ್ತಿರ ಅಂಗಲಾಚಿ ಮುಂದಿನ ಭಾನುವಾರದವರೆಗೆ ವಾಯಿದೆ ಕೇಳಿದರು ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ಆ ಶುಕ್ರವಾರ, ಐದು ಡಬ್ಬಿಯ ಮುಂದೆ ನಿಂತಿದ್ದ ನನಗೆ ಇದ್ದದ್ದು ಬರೀ ಸಿಟ್ಟಲ್ಲ. ಈ ಹೆಂಗಸು ನನ್ನ ಕೆಲಸಕ್ಕೇ ಹೆಸರಿಡುತ್ತಿದ್ದಾರೆ ಅನ್ನುವ ಉರಿ ಒಂದು ಕಡೆ, ಎಲ್ಲಿ ಇವರ ಕಾರು ಇವರಲ್ಲೇ ಉಳಿದುಬಿಡುತ್ತದೋ ಅನ್ನುವ ಆಸೆಬುರುಕ ಭಯ ಇನ್ನೊಂದು ಕಡೆ.

"ಅಕ್ಕಾ, ಹೇಳಿದ್ನಲ್ಲ, ಪ್ಯಾಡಲ್ಲಿ ಏನೂ ಇಲ್ಲ. ಬದಲಾಯಿಸೋದು ದಂಡ."

ಬಚ್ಚಮ್ಮಕ್ಕ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಿಟ್ಟರು. "ಸರಿ ಬಿಡು. ನಾಳೆ ಬೆಳಿಗ್ಗೆ ಐದೂವರೆಗೆ ಮನೆ ಹತ್ರ ಬಾ. ಹುಳ ತುಂಬ್ಕೊಂಡು ಹೋಗಣ. ನೀನೇ ಓಡ್ಸು. ನನ್ ವೇಗದಲ್ಲಿ. ಆಮೇಲೂ ಏನೂ ಇಲ್ಲ ಅಂದ್ರೆ ಗಾಡಿ ನೀನೇ ಇಟ್ಕೊ."

ಒಪ್ಪಿಕೊಂಡೆ. ಅರ್ಧ ದಿನದಲ್ಲಿ ಮುಗಿಯುವ ಕಥೆ ಅಂದುಕೊಂಡೆ. ಹೊರಟವರು ಮೆಟ್ಟಿಲ ಹತ್ತಿರ ತಿರುಗಿ ನಿಂತರು. "ಸೋಪ್ ಹಾಕ್ಬೇಡ. ಕಡ್ಲೆ ಹಿಟ್ಟಲ್ಲಿ ಸ್ನಾನ ಮಾಡು. ತಲೆಗೆ ಎಣ್ಣೆ ಬೇಡ, ಪೌಡರ್ ಬೇಡ. ಆಂಜಿ ಮುಟ್ಟಿದ ಬಟ್ಟೆ ಹಾಕ್ಕೊಂಡು ಬರ್ಬೇಡ."

ಕತ್ತಲಲ್ಲೇ ಎದ್ದು ಕಡಲೆ ಹಿಟ್ಟು ಬಳಿದುಕೊಂಡು ಕೂತಿದ್ದ ನನ್ನನ್ನು ನೋಡಿ ಸುನಂದ ಬಿದ್ದು ಬಿದ್ದು ನಕ್ಕಳು. "ನಮ್ ಮದುವೆ ದಿನಾನೂ ಇಷ್ಟ್ ಶುದ್ಧವಾಗಿ ಬಂದಿರ್ಲಿಲ್ಲ ಕಣ್ರೀ ನೀವು."

ಹುತ್ತೂರಿನ ಹತ್ತಿರದ ಅವರ ಹುಳದ ಮನೆ ಬಾಗಿಲಲ್ಲಿ ಸುಣ್ಣದ ಪುಡಿ ಹಾಸಿತ್ತು. ಅದನ್ನು ತುಳಿದು, ಕಾಲು ತೊಳೆದು, ತಟ್ಟೆ ಹೊರಲು ಕೈ ಹಚ್ಚಿದೆ. ಎಲೆಯ ಚೂರುಗಳ ಮೇಲೆ ಸಣ್ಣ ಸಣ್ಣ ಹುಳು, ಸಾವಿರಗಟ್ಟಲೆ, ತಲೆ ಎತ್ತಿ ಕೂತಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಚಳಿ ಎಲುಬಿಗೆ ಇಳಿಯುವಂತಿತ್ತು. ಹಿಂದಿನ ಸೀಟು ಮಡಚಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದೆವು. ನನ್ನ ಚಪ್ಪಲಿ ಬಿಚ್ಚಿಸಿ ಬರಿಗಾಲಲ್ಲಿ ಕೂರಿಸಿದರು. ಪೆಡಲ್ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ನಲವತ್ತರಲ್ಲಿ ಹೊರಟೆ. ಮೂರ್ನಾಲ್ಕು ಕಿಲೋಮೀಟರ್ ಬ್ರೇಕ್ ಮುಟ್ಟುವ ಕೆಲಸವೇ ಬೀಳಲಿಲ್ಲ. ಆಮೇಲೆ ಒಂದು ಶಾಲೆಯ ಮುಂದೆ ಹಂಪ್ ಬಂತು. ನನ್ನ ಕಾಲು ಬ್ರೇಕಿನ ಕಡೆ ಹೋಗುವ ಮೊದಲೇ ಪಕ್ಕದಲ್ಲಿ ಕೂತಿದ್ದ ಬಚ್ಚಮ್ಮಕ್ಕನ ಬಲಗೈ ಹಿಂದಕ್ಕೆ ಹೋಗಿ ತಟ್ಟೆ ಹಿಡಿದುಕೊಂಡಿತು. ಒತ್ತಿದೆ. ಕಲ್ಲು. ಅವರು ಹೇಳಿದ್ದೇ ಸರಿ, ಕಲ್ಲನ್ನು ಒತ್ತಿದ ಹಾಗೆಯೇ. ಕಾರು ನನ್ನ ಮಾತೇ ಕೇಳಿಸಲಿಲ್ಲ ಅನ್ನುವಂತೆ ಮುಂದೆ ಹೋಯಿತು. ಇನ್ನೂ ಒತ್ತಿದೆ, ಹಲ್ಲು ಕಚ್ಚಿ ಒತ್ತಿದೆ. ಸ್ವಲ್ಪ ನಿಧಾನವಾಯಿತು, ನಿಲ್ಲಲಿಲ್ಲ. ಹಂಪ್ ಹಾರಿತು. ಹಿಂದೆ ತಟ್ಟೆಗಳೆಲ್ಲ ದಡದಡ ಅಂದವು.

ಬಚ್ಚಮ್ಮಕ್ಕ ತಟ್ಟೆಗಳನ್ನು ಸರಿಪಡಿಸಿ ಮುಂದೆ ತಿರುಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಮುಂದೆ ಅದೇ ಹಳ್ಳಿ. ರಸ್ತೆಯಲ್ಲಿ ಅದೇ ಹುರುಳಿ ಹಾಸಿತ್ತು, ನಡುವೆ ಅದೇ ಮುದುಕಿ ಪೊರಕೆ ಹಿಡಿದು ಕೂತಿದ್ದರು. ನಾನು ಅಷ್ಟು ದೂರದಿಂದಲೇ ಒತ್ತಲು ಶುರು ಮಾಡಿದೆ. ಇನ್ನೂ ಹುಲ್ಲೇ ಬಂದಿರಲಿಲ್ಲ, ಚಕ್ರದ ಕೆಳಗೆ ಬರೀ ಟಾರು, ಆದರೂ ಹಿಡಿಯುತ್ತಿಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅಕ್ಕಯಮ್ಮನಿಂದ ಎರಡು ಮಾರು ದೂರದಲ್ಲಿ ನಿಲ್ಲಿಸಿದಾಗ ಆ ಚಳಿಯಲ್ಲೂ ನನ್ನ ಬೆನ್ನು ಒದ್ದೆಯಾಗಿತ್ತು.

ಅಕ್ಕಯಮ್ಮ ಎದ್ದು ಕಿಟಕಿಗೆ ಬಗ್ಗಿ ಒಳಗೆ ನೋಡಿದರು. "ಅವತ್ತು ಹೆಂಗಸು ಓಡಿಸ್ತಾಳೆ ಅಂತ ಬೈದೆ. ಇವತ್ತು ಗಂಡಸು ಓಡಿಸ್ಕೊಂಡ್ ಬಂದವ್ನೆ, ಇವ್ನೂ ಹಂಗೇ ಬರ್ತಾವ್ನೆ. ಏನ್ಲಾ, ನಿನ್ ಗಾಡಿಗೆ ಏನ್ ದೊಡ್ಡರೋಗ ಬಂದೈತೆ?"

ನಿನ್ನ ಗಾಡಿಗೆ ಅಂದರಲ್ಲ, ಆ ಮಾತು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು.

ಉಳಿದ ಮನೆಗಳಿಗೆ ತಟ್ಟೆ ಇಳಿಸುವ ಹೊತ್ತಿಗೆಲ್ಲ ನನಗೆ ಅರ್ಥವಾಗಿತ್ತು. ಅರ್ಥವಾಗದೆ ಇರಲು ನಾನೇನು ನಿನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವನಾ? ರೇಸಿನ ಪ್ಯಾಡಿಗೆ ಕಾವು ಬೇಕು. ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ, ಕೆಂಡದಂತೆ ಕಾಯಿಸಿಕೊಂಡು ಓಡುವವರಿಗೆ ಮಾಡಿದ್ದು ಅದು. ಈಕೆ ಬೆಳಗಿನ ಚಳಿಯಲ್ಲಿ, ನಲವತ್ತರಲ್ಲಿ, ಮೂರು ಕಿಲೋಮೀಟರಿಗೆ ಒಂದು ಸಲ ಒತ್ತುವವರು. ಕಾವು ಎಲ್ಲಿಂದ ಬರಬೇಕು? ನಾನು ಕಾರು ನೋಡಿ ಪ್ಯಾಡು ಆರಿಸಿದೆ. ಓಡಿಸುವವರನ್ನು ನೋಡಲಿಲ್ಲ. ಪರೀಕ್ಷೆಗೆ ಅಂತ ಮಧ್ಯಾಹ್ನದ ಬಿಸಿಲಲ್ಲಿ ನನ್ನ ವೇಗದಲ್ಲಿ ಓಡಿಸಿ, ಐವತ್ತೊಂಬತ್ತು ವರ್ಷದ ಹೆಂಗಸಿನ ಕಾಲಿಗೆ ಬಲವಿಲ್ಲ ಅಂತ ತೀರ್ಪು ಕೊಟ್ಟೆ. ಥೂ, ನನ್ನ ಜನ್ಮಕ್ಕೆ!

ಅಂಗಡಿಗೆ ಬಂದವನೇ ಶೆಲ್ಫಿನ ಕೆಳಗಿನ ಸಾಲಿನಿಂದ ಒಂದು ಡಬ್ಬಿ ಎಳೆದೆ. ಮಾಮೂಲಿ ಪ್ಯಾಡು, ಅಳತೆ ಅದೇ, ಧೂಳು ಮೆತ್ತಿತ್ತು. ಹಿಂದಿನ ದಿನ ತೋರಿಸಿದ ಐದರಲ್ಲಿ ಇದನ್ನು ನಾನು ಇಟ್ಟೇ ಇರಲಿಲ್ಲ. ಆ ಕಾರಿನ ಪಕ್ಕ ಇದನ್ನು ಇಡಲು ನನಗೆ ನಾಚಿಕೆ. ಬಚ್ಚಮ್ಮಕ್ಕ ಮೂಸಿದರು. ಕೆರೆದರು. ಮತ್ತೆ ಮೂಸಿದರು.

"ಪರ್ವಾಗಿಲ್ಲ. ಇದ್ಯಾಕೆ ನಿನ್ನೆ ತೋರಿಸ್ಲಿಲ್ಲ?"

"ಇದು ಟ್ಯಾಕ್ಸಿಯವ್ರು ಹಾಕೋದು ಅಕ್ಕಾ."

"ಅವ್ರೂ ಹಿಂದೆ ಜೀವಗಳನ್ನ ಕೂರಿಸ್ಕೊಂಡೇ ಅಲ್ವೇನೋ ಹೋಗೋದು?"

ಚಕ್ರ ಬಿಚ್ಚಲು ಶುರು ಮಾಡಿದೆ. ಹಳೇ ಪ್ಯಾಡು ಬಿಟ್ಟುಹೋಗಿದ್ದ ಪದರ ಹೋಗಲಿ ಅಂತ ನಾನೂ ಆಂಜಿಯೂ ಕೂತು ಡಿಸ್ಕುಗಳನ್ನು ಉಪ್ಪುಕಾಗದದಿಂದ ಉಜ್ಜಿದೆವು. ಹೊಸದನ್ನು ಕೂರಿಸಿ, ಖಾಲಿ ಕಾರನ್ನು ಮುಳಬಾಗಿಲು ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಮೆಲ್ಲಗೆ ಮೂವತ್ತು ಸಲ ಒತ್ತಿ ಹೊಂದಿಸಿ ತಂದೆ. ಯಾರೂ ಹೇಳದೆ ನಾಲ್ಕೂ ಬಾಗಿಲು ತೆರೆದು ಗಾಳಿಗೆ ಬಿಟ್ಟೆ. ಭಾನುವಾರ ಬೆಳಿಗ್ಗೆ ತಣ್ಣಗೆ ನಿಂತಿದ್ದ ಕಾರನ್ನು ಹೊರಡಿಸಿ, ಬರಿಗಾಲಲ್ಲಿ ಮೊದಲ ಸಲ ಒತ್ತಿದೆ. ಹೇಳಿದ ಮಾತು ಕೇಳುವ ಮಗುವಿನ ಹಾಗೆ ನಿಂತಿತು.

ಹತ್ತು ಗಂಟೆಗೆ ಸುಬ್ರಮಣಿ ಬಂದ, ಕೈಯಲ್ಲಿ ಕಾರಿನ ಕಾಗದ ಪತ್ರದ ಫೈಲು. ಬಚ್ಚಮ್ಮಕ್ಕ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ಅಂಗಡಿ ಮುಂದೆ ಲಾರಿಯವರು ಮೂರು ಜನ ತಮ್ಮ ಸರದಿಗೆ ಕಾಯುತ್ತಿದ್ದರು.

"ಪ್ಯಾಡ್ ಹಾಕ್ಸಿದೀನಿ ಕಣೋ. ಚೆನ್ನಾಗ್ ಹಿಡೀತೈತೆ. ಓಡ್ಸಿ ನೋಡು," ಅಂದರು ಬಚ್ಚಮ್ಮಕ್ಕ.

ಅವನು ಓಡಿಸಲಿಲ್ಲ. ಸಿಟ್ಟೂ ಮಾಡಲಿಲ್ಲ. ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ಬ್ರೇಕು ಮೊದಲೂ ಚೆನ್ನಾಗೇ ಇತ್ತು. ಅಣ್ಣಾನೇ ಹೇಳಿದ್ರು, ಜಿಲ್ಲೇಲೇ ಇಂಥಾದ್ದಿಲ್ಲ ಅಂತ. ಪ್ಯಾಡ್ ಬದಲಾಯಿಸಿದ್ರೆ ನಿನ್ ಕಾಲು ಸರಿ ಹೋಗ್ತದಾ? ನಿನ್ ಕಾಲು ಜಾರಿದ್ದು ಅಂತ ನೀನೇ ಅಲ್ವಾ ಹೇಳಿದ್ದು? ನಂಗೆ ಗಾಡಿ ಬೇಡಮ್ಮಾ, ನೀನು ಬೇಕು," ಅಂದ.

ಬಚ್ಚಮ್ಮಕ್ಕ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಒಂದು ಸಲ ನೋಡಿದ್ದರೂ ನನಗೆ ಸಿಟ್ಟು ಮಾಡಿಕೊಳ್ಳಲು ನೆಪ ಸಿಗುತ್ತಿತ್ತು. ಅವನು ಫೈಲು ತೆಗೆದು ನನ್ನ ಕೌಂಟರ್ ಮೇಲಿಟ್ಟ. ಅಲ್ಲಿಂದ ಕಾರು ಕಾಣುತ್ತಿತ್ತು, ಬಿಸಿಲಿಗೆ ಹೊಳೆಯುತ್ತಾ. ನಾನು ಬಾಯಿ ಬಿಡದಿದ್ದರೆ ಸಾಕಿತ್ತು. ನಾನೇನೂ ಸುಳ್ಳು ಹೇಳಬೇಕಾಗಿರಲಿಲ್ಲ, ಹೇಳಿ ಆಗಿತ್ತು.

"ಸುಬ್ರಮಣಿ, ಫೈಲ್ ತಗೋ," ಅಂದೆ. ಲಾರಿಯವರಿಗೂ ಕೇಳುವ ಹಾಗೆಯೇ ಮಾತು ಬಂತು. "ಬ್ರೇಕು ಚೆನ್ನಾಗಿತ್ತು ಅಂದೋನು ನಾನು. ಚೆನ್ನಾಗಿರ್ಲಿಲ್ಲ. ನಿಮ್ಮಮ್ಮ ಬೇಡ ಬೇಡ ಅಂದ್ರೂ ರೇಸಿನ ಪ್ಯಾಡ್ ಹಾಕ್ದೋನು ನಾನು. ತಣ್ಣಗಿದ್ರೆ ಅದು ಹಿಡಿಯೋದೇ ಇಲ್ಲ. ನಿನ್ನೆ ನಾನೇ ಓಡಿಸ್ದೆ, ನಂಗೂ ನಿಲ್ಲಲಿಲ್ಲ. ಹುಲ್ಲೂ ಜಾರಿಲ್ಲ, ಅಕ್ಕನ ಕಾಲೂ ಜಾರಿಲ್ಲ. ಅವತ್ತು ಆ ಮುದುಕಿ ಉಳಿದಿದ್ದೇ ಅಕ್ಕ ಮೆದೆಗೆ ತಿರುಗಿಸಿದ್ರಿಂದ. ನಾನಾಗಿದ್ರೆ ಹೊಡೀತಿದ್ದೆ."

ಸುಬ್ರಮಣಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಬೈಯಲಿಲ್ಲ. ಎದ್ದು ಕಾರು ತೆಗೆದುಕೊಂಡು ಹೋಗಿ, ಅರ್ಧ ಗಂಟೆ ಓಡಿಸಿ ಬಂದು, ಕೀಲಿಯನ್ನು ತಾಯಿಯ ಕೈಗೆ ಕೊಟ್ಟ. ಫೈಲು ಕಂಕುಳಲ್ಲಿ ಇಟ್ಟುಕೊಂಡು ಬೈಕ್ ಹತ್ತುವಾಗ ನನ್ನ ಕಡೆ ತಿರುಗಿ, "ಇನ್ಮೇಲೆ ಅಮ್ಮ ಏನ್ ಹೇಳ್ತಾಳೋ ಅದನ್ನೇ ಹಾಕಿ ಅಣ್ಣ," ಅಂದ. ಕಾಯುತ್ತಿದ್ದ ಲಾರಿಯವರಲ್ಲಿ ಒಬ್ಬ ಗಾಡಿ ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋದ. ಹೋಗಲಿ.

ಬಚ್ಚಮ್ಮಕ್ಕ ಚಪ್ಪಲಿ ಬಿಚ್ಚಿ ಪಕ್ಕದ ಸೀಟಿನ ಕೆಳಗೆ ಇಡುತ್ತಿದ್ದರು. ಕಿಟಕಿಯ ಹತ್ತಿರ ಹೋಗಿ ನಿಂತೆ.

"ಕಾಲು ಜಾರ್ತು ಅಂತ ಯಾಕೆ ತಪ್ಪು ನಿಮ್ ಮೇಲೆ ಹಾಕ್ಕೊಂಡ್ರಿ ಅಕ್ಕಾ? ಬ್ರೇಕ್ ಹಿಡೀಲಿಲ್ಲ ಅಂತ ಅವತ್ತೇ ಅಂದಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

"ಆ ಊರಲ್ಲಿ ಹುಳ ತಗೊಳ್ಳೋ ಅಷ್ಟೂ ಮನೆಯವ್ರು ಅಲ್ಲೇ ನಿಂತಿದ್ರು ಕಣಪ್ಪಾ. ವೇಣು ಹಾಕಿದ್ ಬ್ರೇಕ್ ಹಿಡೀಲಿಲ್ಲ ಅಂದ್ರೆ ಆಮೇಲೆ ನಿನ್ ಅಂಗಡಿಗೆ ಯಾರ್ ಬರ್ತಾರೆ? ನನ್ ಕಾಲು ಅಂದ್ರೆ ನನ್ ಒಬ್ಬಳ್ದೇ ಹೋಗೋದು ಅಂದ್ಕೊಂಡೆ."

ನಾನು ಕಿಟಕಿಗೆ ಇನ್ನಷ್ಟು ಬಗ್ಗಿದೆ. ಅವರು ಮೂಗು ಮುಂದೆ ಮಾಡಿ ಗಾಳಿ ಎಳೆದುಕೊಂಡು ಮುಖ ಸಿಂಡರಿಸಿದರು.

"ದೂರ ನಿಂತ್ಕೊಳೋ. ಸೋಪ್ ಹಾಕಿದೀಯ."

ಕಿಟಕಿ ಏರಿಸಿಕೊಂಡು ಹೊರಟರು. ನನ್ನ ಅಂಗಡಿಯಿಂದ ಐವತ್ತು ಮಾರು ದಾಟಿದರೆ ಒಂದು ಹಂಪ್ ಇದೆ. ಎಮ್ಮೆ ಹೊಡೆದುಕೊಂಡು ಹೋದ ಹಾಗೆ ಹೋದರು. ಅಲ್ಲಿ ಹಿಂದಿನ ಕೆಂಪು ದೀಪ ಹತ್ತಿತು. ನಾನು ನಿಂತಲ್ಲೇ ಬಲಗಾಲನ್ನು ನೆಲಕ್ಕೆ ಒತ್ತಿಕೊಂಡಿದ್ದೆ. ಕಾರು ನಿಂತು, ಮೆಲ್ಲಗೆ ಹಂಪ್ ಹತ್ತಿ ಇಳಿದು, ಹುತ್ತೂರಿನ ಕಡೆ ಹೋಯಿತು.